108 ಗಾಡಿಯಲ್ಲಿ ಮೊದಲ ಕೆಲಸ: ಡ್ಯೂಟಿಗೆ ಮುಂಚಿನ ಭಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆಂಬ್ಯುಲೆನ್ಸ್ ಇಎಂಟಿಯಾಗಿ (ಗಾಡಿಯಲ್ಲಿ ರೋಗಿಯನ್ನು ನೋಡಿಕೊಳ್ಳುವ ತುರ್ತು ಚಿಕಿತ್ಸಾ ಸಿಬ್ಬಂದಿಯಾಗಿ) ಹೊಸದಾಗಿ ಸೇರುತ್ತಿರುವವರಿಗಾಗಿ ಈ ಪುಟ. ಆದೇಶ ಪತ್ರ ಕೈಗೆ ಬಂದಿದೆ, ಮನೆಯವರಿಗೆ ಖುಷಿ, ನಿಮಗೆ ಮಾತ್ರ ರಾತ್ರಿ ನಿದ್ದೆ ಇಲ್ಲ ಎನ್ನುವಂತಿದ್ದರೆ ಇಲ್ಲಿಂದ ಓದಿ. ಔಷಧಿ ಮತ್ತು ಇಂಜೆಕ್ಷನ್ ಬಗ್ಗೆ ಇಲ್ಲಿ ಬರೆದದ್ದಕ್ಕೆಲ್ಲ ಒಂದು ಷರತ್ತು ಇದೆ. ನಿಮ್ಮ ತರಬೇತಿಯ ಮಿತಿ ಮತ್ತು ಕಾಲ್ ಸೆಂಟರ್ ವೈದ್ಯರ ಆದೇಶ, ಇವೆರಡನ್ನೂ ದಾಟಬಾರದು.

ಇಷ್ಟು ಭಯ ಆಗ್ತಿದೆ ಅಂದ್ರೆ ಈ ಕೆಲಸ ನನಗೆ ಆಗಿಬರಲ್ಲ ಅಂತ ಅರ್ಥವೇ?

ಅಲ್ಲ. ಇನ್ನೊಬ್ಬರ ಜೀವ ಕೈಗೆ ಬರುತ್ತದೆ ಎಂದು ಗೊತ್ತಿರುವವರಿಗೆ ಭಯ ಆಗಲೇಬೇಕು. ಆದರೆ "ಭಯ" ಎಂದು ಒಟ್ಟಾಗಿ ಹೊತ್ತುಕೊಂಡರೆ ಅದನ್ನು ಏನೂ ಮಾಡಲು ಬರುವುದಿಲ್ಲ. ಒಂದು ಹಾಳೆ ತೆಗೆದುಕೊಂಡು "ಏನಾಗಿಬಿಟ್ಟರೆ?" ಎಂಬ ಪ್ರಶ್ನೆಗೆ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. ಸಾಮಾನ್ಯವಾಗಿ ಹೀಗೆ ಬರುತ್ತದೆ: ಗಾಡಿಯಲ್ಲಿ ಸಾಮಾನು ಎಲ್ಲಿದೆ ಎಂದು ಸಿಗದಿದ್ದರೆ, ಆಕ್ಸಿಜನ್ ಮಧ್ಯದಲ್ಲಿ ಖಾಲಿಯಾದರೆ, ಜನ ಮುತ್ತಿಕೊಂಡು ಕೂಗಾಡಿದರೆ, ನೆಟ್‌ವರ್ಕ್ ಇಲ್ಲದ ಕಡೆ ಸಿಕ್ಕಿಹಾಕಿಕೊಂಡರೆ, ರೋಗಿ ನನ್ನ ಕಣ್ಣೆದುರೇ ಸತ್ತರೆ.

ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಡ್ಯೂಟಿಗೆ ಮೊದಲೇ ಕೈಗೆ ಅಭ್ಯಾಸ ಮಾಡಿಸಬಹುದಾದ ಕೆಲಸಗಳು. "ಧೈರ್ಯ ತಗೊಳ್ಳಿ" ಎಂದು ನಾವು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಧೈರ್ಯ ಬೇಕೆಂದಾಗ ಬರುವುದಿಲ್ಲ. ಅಭ್ಯಾಸವಾದ ಕೈ ಮಾತ್ರ ಭಯದ ನಡುವೆಯೂ ತನ್ನ ಕೆಲಸ ಮಾಡುತ್ತದೆ.

ಕೇಸ್ ಬಂದ ಕೂಡಲೇ ಕೈ ನಡುಗುತ್ತೆ, ಕಿವಿ ಮುಚ್ಚಿಕೊಂಡ ಹಾಗಾಗುತ್ತೆ. ಏನು ಮಾಡಲಿ?

ಅದು ಅಡ್ರಿನಲಿನ್ ಕೆಲಸ. ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ, ಬೆರಳು ತಣ್ಣಗಾಗಿ ಸೂಕ್ಷ್ಮ ಕೆಲಸಕ್ಕೆ ಒಗ್ಗುವುದಿಲ್ಲ, ಕಣ್ಣು ಎದುರಿನ ಒಂದೇ ವಸ್ತುವಿಗೆ ನೆಡುತ್ತದೆ, ಪಕ್ಕದವರು ಕರೆದದ್ದು ಕೇಳಿಸುವುದಿಲ್ಲ. ಇದನ್ನು ತಡೆಯಲು ಹೋಗಬೇಡಿ, ಇದು ಬರುತ್ತದೆ ಎಂದೇ ಲೆಕ್ಕ ಹಾಕಿ ತಯಾರಾಗಿ.

ಗ್ಲೌಸನ್ನು ಗಾಡಿ ಹೊರಟ ತಕ್ಷಣ ಹಾಕಿಕೊಳ್ಳಿ. ಸ್ಥಳಕ್ಕೆ ಹೋದಮೇಲೆ ಬೆವರಿದ, ನಡುಗುವ ಕೈಗೆ ಅದು ಏರುವುದಿಲ್ಲ. ದಾರಿಯಲ್ಲಿ ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರೆಳೆದು, ಬಾಯಿಂದ ಆರೋ ಎಂಟೋ ಎಣಿಸುತ್ತ ನಿಧಾನ ಬಿಡಿ. ಹೀಗೆ ಐದಾರು ಸಲ ಸಾಕು. ಉಸಿರು ಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಆಮೇಲೆ ಬಾಯಿಬಿಟ್ಟು ಮಾತಾಡಿ: "ಐವತ್ತೈದರ ಗಂಡಸು, ಎದೆನೋವು. ಮೊದಲು ಎಚ್ಚರ ನೋಡ್ತೀನಿ, ಆಮೇಲೆ ಉಸಿರು, ಆಮೇಲೆ ನಾಡಿ." ಇದರಿಂದ ಎರಡು ಲಾಭ. ಮನಸ್ಸು ಒಂದು ದಾರಿಗೆ ಬರುತ್ತದೆ, ಪೈಲಟ್‌ಗೂ, ಅಂದರೆ ಗಾಡಿಯ ಚಾಲಕರಿಗೂ, ನಿಮ್ಮ ಯೋಜನೆ ಗೊತ್ತಾಗುತ್ತದೆ. ಗಾಡಿಯಿಂದ ಇಳಿದಾಗ ರೋಗಿಯನ್ನು ನೋಡುವ ಮುಂಚೆ ತಲೆ ಎಡಕ್ಕೂ ಬಲಕ್ಕೂ ತಿರುಗಿಸಿ ಸುತ್ತ ನೋಡಿ. ಒಂದೇ ಕಡೆ ನೆಟ್ಟ ನೋಟ ಬಿಡಿಸಲು ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಮೊದಲ ದಿನ ಗಾಡಿ ಹತ್ತಿದಾಗ ಏನೇನು ನೋಡಬೇಕು?

ಹಿಂದಿನ ಶಿಫ್ಟ್‌ನವರು "ಎಲ್ಲ ಇದೆ" ಎಂದರೂ ಪ್ರತಿಯೊಂದನ್ನೂ ನಿಮ್ಮ ಕೈಯಾರೆ ಮುಟ್ಟಿ ನೋಡಿ. ಹೊಸಬರ ಗಾಬರಿಯಲ್ಲಿ ಅರ್ಧಕ್ಕರ್ಧ ಬರುವುದು ಸಾಮಾನು ಹುಡುಕಾಟದಿಂದ. ಕಣ್ಣು ಮುಚ್ಚಿಕೊಂಡು ಆಂಬು ಬ್ಯಾಗ್ (ಕೈಯಿಂದ ಹಿಂಡಿ ಉಸಿರು ಕೊಡುವ ಚೀಲ), ಸಕ್ಷನ್ (ಬಾಯಿ-ಗಂಟಲಿನ ಕಫ, ವಾಂತಿ ಹೀರುವ ಮೆಷಿನ್), ದೊಡ್ಡ ಡ್ರೆಸ್ಸಿಂಗ್ ಪ್ಯಾಡ್, ಹೆರಿಗೆ ಕಿಟ್ ಈ ನಾಲ್ಕನ್ನು ತೆಗೆಯಲು ಬರುವವರೆಗೆ ಅಭ್ಯಾಸ ಮಾಡಿ.

ಸಾಮಾನು ಇದ್ದರೆ ಸಾಲದು, ಅದು ಕೆಲಸ ಮಾಡಬೇಕು. ಆಂಬು ಬ್ಯಾಗಿನ ಬಾಯಿಗೆ ಅಂಗೈ ಒತ್ತಿ ಹಿಂಡಿ. ಬ್ಯಾಗ್ ಸಲೀಸಾಗಿ ಕುಗ್ಗಿದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ವಾಲ್ವ್ ತಪ್ಪಾಗಿ ಕೂತಿದೆ, ಹೆಚ್ಚಿನ ಸಲ ತೊಳೆದು ಜೋಡಿಸುವಾಗ ಆಗುವ ತಪ್ಪು ಅದು. ಸಕ್ಷನ್ ಮೆಷಿನ್ ಹಾಕಿ ಪೈಪ್ ಮಡಚಿ ಹಿಡಿಯಿರಿ. ಮುಳ್ಳು 4 ಸೆಕೆಂಡಿನಲ್ಲಿ 300 ಎಂಎಂ ದಾಟಬೇಕು. ದಾಟದಿದ್ದರೆ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿಲ್ಲ, ಇಲ್ಲವೇ ಬ್ಯಾಟರಿ ಇಳಿದಿದೆ. ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಪ್ಯಾಡಿನ ಅವಧಿ ನೋಡಿ, ಅದರ ಜೊತೆಗೆ ಒಂದು ರೇಜರ್, ಒಂದು ಒಣ ಟವೆಲ್ ಇಡಿ. ಮಲೆನಾಡಿನ ಮಳೆಗಾಲದಲ್ಲಿ ರೋಗಿ ನೆನೆದೇ ಸಿಗುತ್ತಾರೆ, ಒದ್ದೆ ಎದೆಗೆ ಪ್ಯಾಡ್ ಅಂಟುವುದಿಲ್ಲ. ಗ್ಲುಕೋಮೀಟರ್ ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿ, ತೇವ ತಗುಲಿದ ಸ್ಟ್ರಿಪ್ ಸುಳ್ಳು ಹೇಳುತ್ತದೆ.

ಆಕ್ಸಿಜನ್ ವಿಷಯದಲ್ಲಿ ಅಂದಾಜು ಬೇಡ, ಲೆಕ್ಕ ಹಾಕಿ. ಬಿ ಟೈಪ್ ಸಿಲಿಂಡರ್‌ನ ಒಳ ಅಳತೆ 10 ಲೀಟರ್. ಗೇಜಿನಲ್ಲಿ ಎಷ್ಟು ಬಾರ್ ತೋರಿಸುತ್ತದೋ ಅದನ್ನು 10ರಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಲೀಟರ್‌ನಲ್ಲಿ ಸಿಗುತ್ತದೆ. 150 ಬಾರ್ ಇದ್ದರೆ ಸುಮಾರು 1500 ಲೀಟರ್. ಗೇಜ್ ಪಿಎಸ್ಐನಲ್ಲಿದ್ದರೆ 14.5ರಿಂದ ಭಾಗಿಸಿ ಬಾರ್‌ಗೆ ತನ್ನಿ. ಕೊನೆಯ 20 ಬಾರ್ ಲೆಕ್ಕಕ್ಕೆ ಸೇರಿಸಬೇಡಿ.

ಒಂದು ಉದಾಹರಣೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಸಿಲಿಂಡರ್ 60 ಬಾರ್ ತೋರಿಸುತ್ತಿದೆ. 60ರಲ್ಲಿ 20 ಕಳೆದರೆ 40, ಅಂದರೆ 400 ಲೀಟರ್. ರೋಗಿಗೆ ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ 40 ನಿಮಿಷಕ್ಕೆ ಮುಗಿಯುತ್ತದೆ. ದಾರಿಯಲ್ಲಿ ಲಾರಿ ಸಾಲು ಸಿಕ್ಕರೆ ಸಾಲುವುದಿಲ್ಲ. ಆದ್ದರಿಂದ ಹೊರಡುವ ಮುಂಚೆಯೇ ಸಿಲಿಂಡರ್ ಬದಲಿಸಬೇಕು. ಈ ಗುಣಾಕಾರವನ್ನು ಶಿಫ್ಟಿನ ಆರಂಭದಲ್ಲೇ ಮಾಡಿ ಕೈಚೀಟಿಯಲ್ಲಿ ಬರೆದಿಟ್ಟುಕೊಂಡರೆ ದಾರಿಯುದ್ದಕ್ಕೂ ಮುಳ್ಳನ್ನೇ ನೋಡುತ್ತ ಕೂರಬೇಕಿಲ್ಲ. ಸ್ಪ್ಯಾನರ್ ಸಿಲಿಂಡರ್‌ಗೇ ಕಟ್ಟಿರಲಿ. ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ತಾಗಿಸಲೇಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಸ್ಥಳಕ್ಕೆ ಹೋದಮೇಲೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಮರೆತುಹೋದರೆ?

ಮರೆತರೂ ಕೈಗೆ ಒಂದು ಕ್ರಮ ಇರಲಿ: ಜಾಗ ಸುರಕ್ಷಿತವೇ, ಚಿಮ್ಮುವ ರಕ್ತ ಇದೆಯೇ, ಎಚ್ಚರ ಇದೆಯೇ, ಬಾಯಿ-ಗಂಟಲು ಖಾಲಿ ಇದೆಯೇ, ಉಸಿರಾಡುತ್ತಿದ್ದಾರೆಯೇ, ನಾಡಿ ಸಿಗುತ್ತದೆಯೇ. ಇಷ್ಟಕ್ಕೆ ಒಂದು ನಿಮಿಷ ಸಾಕು. ರೋಗಿಯ ಹೆಗಲು ತಟ್ಟಿ "ಯಜಮಾನ್ರೇ, ಕೇಳಿಸ್ತಿದೆಯಾ? ಹೆಸರೇನು?" ಎಂದು ಕೇಳಿದಾಗ ಅವರು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟರೆ ಎಚ್ಚರ, ಗಂಟಲು, ಉಸಿರು ಮೂರೂ ಸದ್ಯಕ್ಕೆ ಸರಿ ಇವೆ ಎಂದು ಅರ್ಥ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಂಡರೆ ಅದು ಗಂಭೀರ.

ಮಧ್ಯದಲ್ಲಿ ದಿಕ್ಕು ತಪ್ಪಿದಂತಾದರೆ ಮೊದಲಿನಿಂದ ಶುರು ಮಾಡಿ. ನಾಚಿಕೆ ಬೇಡ, ಹಳಬರೂ ಮಾಡುವುದು ಅದನ್ನೇ. ದೊಡ್ಡವರ ಸಾಮಾನ್ಯ ಲೆಕ್ಕಗಳನ್ನು ಗಾಡಿಯ ಒಳಗೋಡೆಗೆ ಅಂಟಿಸಿ: ಉಸಿರು ನಿಮಿಷಕ್ಕೆ 12ರಿಂದ 20, ನಾಡಿ 60ರಿಂದ 100, ಆಕ್ಸಿಜನ್ ಪ್ರಮಾಣ 94ಕ್ಕಿಂತ ಮೇಲೆ. ಬೀಡಿ ಸೇದಿ ಶ್ವಾಸಕೋಶ ಹಾಳಾದವರಿಗೆ (ಸಿಒಪಿಡಿ) 88ರಿಂದ 92 ಸಾಕು. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಕೂಡಲೇ ನೋಡಬೇಕು. ಕುಡಿದು ಬಿದ್ದಿದ್ದಾನೆ ಎಂದು ಊರವರು ಹೇಳಿದ ಮನುಷ್ಯನಿಗೂ ಸಕ್ಕರೆ ನೋಡದೆ ಗಾಡಿ ಹತ್ತಿಸಬೇಡಿ.

ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು) ತಪ್ಪು ಮಾಡಿಬಿಡ್ತೀನಿ ಅಂತ ಭಯ.

ಮಾಡದಿರುವುದೇ ದೊಡ್ಡ ತಪ್ಪು. ನಿಮಿಷಕ್ಕೆ 100ರಿಂದ 120 ಒತ್ತು, ಆಳ 5 ಸೆಂ.ಮೀ.ಗೆ ಕಡಿಮೆ ಇಲ್ಲ, 6ಕ್ಕೆ ಹೆಚ್ಚಿಲ್ಲ, 30 ಒತ್ತಿಗೆ 2 ಉಸಿರು, ಪ್ರತಿ 2 ನಿಮಿಷಕ್ಕೆ ಆಳು ಬದಲು. ಹೊಸಬರಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು ವಿಷಯ. ಒಂದು, ಒತ್ತಿದ ಮೇಲೆ ಎದೆಯನ್ನು ಪೂರ್ತಿ ಮೇಲೇಳಲು ಬಿಡದೆ ಅದರ ಮೇಲೇ ಒರಗಿಕೊಳ್ಳುವುದು. ಹಾಗಾದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದಿಲ್ಲ. ಎರಡು, ಗಾಬರಿಯಲ್ಲಿ ಆಂಬು ಬ್ಯಾಗನ್ನು ಬೇಗ ಬೇಗ, ಪೂರ್ತಿ ಹಿಂಡುವುದು. ಗಾಳಿ ಹೊಟ್ಟೆಗೆ ಹೋಗಿ ವಾಂತಿ ಮೇಲೆ ಬರುತ್ತದೆ. ಒಂದು ಉಸಿರಿಗೆ ಒಂದು ಸೆಕೆಂಡು, ಎದೆ ಸ್ವಲ್ಪ ಏಳುವಷ್ಟು ಮಾತ್ರ. ಪಕ್ಕೆಲುಬು ಮುರಿದ ಸದ್ದು ಕೇಳಿದರೆ ಕೈ ಇಟ್ಟ ಜಾಗ ಒಮ್ಮೆ ನೋಡಿಕೊಂಡು ಮುಂದುವರಿಸಿ, ನಿಲ್ಲಿಸಬೇಡಿ. ಮೆತ್ತಗಿರುವ ಹಾಸಿಗೆಯ ಮೇಲಲ್ಲ, ನೆಲದ ಮೇಲೆ ಮಲಗಿಸಿ ಎದೆ ಒತ್ತಬೇಕು.

ಎದೆನೋವಿನ ಕೇಸ್ ಅಂದ್ರೇನೇ ಎದೆ ಧಸಕ್ಕೆನ್ನುತ್ತೆ. ಹಾಸನದಲ್ಲಿ ಆ ಸುದ್ದಿಗಳು ಬಂದಮೇಲಂತೂ...

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದವು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ಸಮಿತಿ ಹೇಳಿತು. ಜನರ ಆತಂಕ ಮಾತ್ರ ಬೇಗ ಹೋಗುವಂಥದ್ದಲ್ಲ. ಸಣ್ಣ ನೋವಿಗೂ ಕರೆ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಹೆಚ್ಚು ಅಪಾಯ ಇರುವುದು "ಗ್ಯಾಸ್ಟ್ರಿಕ್ ಇರಬೇಕು ಬಿಡಿ" ಎಂದು ಸೋಡಾ ಕುಡಿದು ಕೂತವರಲ್ಲಿ. ಮಧುಮೇಹಿಗಳು, ವಯಸ್ಸಾದ ಹೆಂಗಸರು ಎಷ್ಟೋ ಸಲ ನೋವು ಎನ್ನುವುದೇ ಇಲ್ಲ. ಸಂಕಟ, ಸುಸ್ತು, ಬೆವರು, ದವಡೆ ಸೆಳೆತ ಎನ್ನುತ್ತಾರೆ.

ನಿಮ್ಮ ಕೆಲಸ ಚಿಕ್ಕದು, ಸ್ಪಷ್ಟವಾದದ್ದು. ನಡೆಸಬೇಡಿ, ಅರ್ಧ ಕೂರಿಸಿ ಮಲಗಿಸಿ. ನೋವು ಶುರುವಾದ ಸಮಯ ಕೇಳಿ ಬರೆಯಿರಿ. ಆಕ್ಸಿಜನ್ 94ಕ್ಕಿಂತ ಮೇಲಿದ್ದರೆ ಸುಮ್ಮನೆ ಮಾಸ್ಕ್ ಹಾಕಬೇಕಿಲ್ಲ. ಆಸ್ಪಿರಿನ್ 300 ಮಿ.ಗ್ರಾಂ. ಅಗಿಸಿ ಕೊಡುವ ಬಗ್ಗೆ ಕಾಲ್ ಸೆಂಟರ್ ವೈದ್ಯರನ್ನು ಕೇಳಿ. ಕೇಳುವ ಮುಂಚೆ ಅಲರ್ಜಿ ಇದೆಯೇ, ರಕ್ತ ವಾಂತಿ ಅಥವಾ ಕಪ್ಪು ಮಲ ಆಗಿದೆಯೇ ಎಂದು ವಿಚಾರಿಸಿ ಇಟ್ಟುಕೊಳ್ಳಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಬೇಸ್‌ಗೆ (ಗಾಡಿ ನಿಲ್ಲುವ ಜಾಗಕ್ಕೆ) ಹತ್ತಿರ ಇಂಥ ಆಸ್ಪತ್ರೆ ಯಾವುದು ಎಂದು ಮೊದಲ ದಿನವೇ ತಿಳಿದುಕೊಂಡರೆ, ರೋಗಿಯ ಮನೆಯ ಜಗಲಿಯಲ್ಲಿ ನಿಂತು "ಎಲ್ಲಿಗೆ?" ಎಂದು ಯೋಚಿಸುವುದು ತಪ್ಪುತ್ತದೆ.

ಹಾವು ಕಡಿದವರು ಸಿಕ್ಕರೆ?

ಯಾವ ಹಾವು ಎಂದು ನೀವು ಗುರುತಿಸಬೇಕಿಲ್ಲ. ಹೊಸಬರು ಇದರ ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಕೈಕಾಲಿಗೆ ಕಟ್ಟಿದ ಹಗ್ಗ, ಬಟ್ಟೆ ಇದ್ದರೆ ಅದು ಬಿಗಿಯಾಗಿ ರಕ್ತ ನಿಂತಿದೆಯೇ ನೋಡಿ. ಹಾಗಿದ್ದರೆ ಒಮ್ಮೆಲೇ ಬಿಚ್ಚದೆ ವೈದ್ಯರಿಗೆ ಫೋನ್‌ನಲ್ಲಿ ತಿಳಿಸಿ. ಉಂಗುರ, ಬಳೆ, ಕಾಲುಂಗುರ ತೆಗೆಸಿ. ಕಡಿದ ಅಂಗಕ್ಕೆ ಸ್ಪ್ಲಿಂಟ್ ಹಾಕಿ ಅಲುಗಾಡದಂತೆ ಮಾಡಿ. ಬಾವು ಎಲ್ಲಿಯವರೆಗೆ ಬಂದಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಕೊಯ್ಯುವುದು, ಚೀಪುವುದು, ಐಸ್ ಇಡುವುದು ಬೇಡ.

ದಾರಿಯಲ್ಲಿ ರೆಪ್ಪೆ ನೋಡುತ್ತಿರಿ. ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಎಂಜಲು ನುಂಗಲು ಆಗದಿದ್ದರೆ ಮುಂದಿನ ಸರದಿ ಉಸಿರಿನದು. ಆಂಬು ಬ್ಯಾಗ್ ಕೈಯಲ್ಲೇ ಇರಲಿ. ಕಟ್ಟುಹಾವು ಕಡಿದರೆ ನೋವು, ಬಾವು ಏನೂ ಇರದೆ ಇರಬಹುದು. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದರೆ ಇದನ್ನು ನೆನಪಿಡಿ. ನಮ್ಮಲ್ಲಿ ಸಿಗುವ ವಿಷಪ್ರತಿರೋಧಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ತೋಟದ ಕೆಲವು ಗುಳಿ ಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ. ಆ ತೀರ್ಮಾನ ವೈದ್ಯರದು. ಔಷಧಿ ಇದೆಯೇ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸುವುದು ನಿಮ್ಮದು.

ಕಾಫಿ ತೋಟದ ಕೇಸ್‌ಗಳಲ್ಲಿ ತರಗತಿಯಲ್ಲಿ ಹೇಳಿಕೊಡದ ಅಪಾಯ ಏನಿದೆ?

ಮೆಣಸು ಕುಯ್ಯುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗುವುದು ಎಲ್ಲಕ್ಕಿಂತ ಕೆಟ್ಟದ್ದು. ಬಿದ್ದವರನ್ನು ನೋಡಿ ಓಡಬೇಡಿ. ಏಣಿ ಇನ್ನೂ ತಂತಿಗೆ ತಾಗಿರಬಹುದು, ಒದ್ದೆ ನೆಲದಲ್ಲೂ ಕರೆಂಟ್ ಹರಿಯಬಹುದು. ಕರೆಂಟ್ ಕಂಪನಿ ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್. ಲೈನ್ ಆಫ್ ಆಗಿದೆ ಎಂದು ಅವರಿಂದಲೇ ಖಚಿತವಾಗುವವರೆಗೆ ದೂರ ನಿಲ್ಲಿ. ಕಾಯುವ ಆ ನಿಮಿಷಗಳು ಬಹಳ ಕಷ್ಟ, ಸುತ್ತಲಿನವರು ಬೈಯುತ್ತಾರೆ. ಆದರೂ ನಿಲ್ಲಲೇಬೇಕು.

ಹೆಜ್ಜೇನು ದಾಳಿ ಆಗಿದ್ದರೆ ಹುಳ ಇನ್ನೂ ಸುತ್ತುತ್ತಿದೆಯೇ ನೋಡಿ, ಗಾಡಿಯ ಕಿಟಕಿ ಮುಚ್ಚಿ, ರೋಗಿಯನ್ನು ಒಳಗೆ ತಂದು ಮುಳ್ಳು ಕೆರೆದು ತೆಗೆಯಿರಿ. ಮೈಯೆಲ್ಲ ದದ್ದು, ಧ್ವನಿ ಗೊಗ್ಗರು, ಉಬ್ಬಸ, ಬಿಪಿ ಇಳಿಕೆ ಕಂಡರೆ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯವಾದ ಅಲರ್ಜಿ. ದೊಡ್ಡವರಿಗೆ ಅಡ್ರಿನಲಿನ್ 0.5 ಮಿ.ಗ್ರಾಂ. ತೊಡೆಯ ಹೊರಭಾಗದ ಸ್ನಾಯುವಿಗೆ, ವೈದ್ಯರ ಆದೇಶ ಪಡೆದು. ತಡ ಮಾಡುವಂತಿಲ್ಲ.

ಕೀಟನಾಶಕ ಕುಡಿದವರಿಗೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವವರನ್ನು ತಡೆಯಿರಿ. ಬಟ್ಟೆ ತೆಗೆಸಿ ಕವರಿನಲ್ಲಿ ಕಟ್ಟಿ, ಮೈ ತೊಳೆಸಿ, ಕಿಟಕಿ ತೆರೆದಿಡಿ, ಡಬಲ್ ಗ್ಲೌಸ್ ಹಾಕಿ. ಜೊಲ್ಲು ಸುರಿಯುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ ಸಕ್ಷನ್ ಮಾಡಿ, ಒಂದು ಸಲಕ್ಕೆ 10-15 ಸೆಕೆಂಡಿಗಿಂತ ಹೆಚ್ಚಲ್ಲ. ಬಾಟಲಿ ತಪ್ಪದೆ ತನ್ನಿ. ಅದು ಪ್ಯಾರಾಕ್ವಾಟ್ ಕಳೆನಾಶಕ ಆಗಿದ್ದರೆ ಆಕ್ಸಿಜನ್ ಕೊಟ್ಟಷ್ಟೂ ಶ್ವಾಸಕೋಶ ಸುಡುತ್ತದೆ. ಆಕ್ಸಿಜನ್ ಪ್ರಮಾಣ ತೀರಾ ಇಳಿಯದ ಹೊರತು, ವೈದ್ಯರು ಹೇಳದ ಹೊರತು ಮಾಸ್ಕ್ ಹಾಕಬೇಡಿ.

ತೋಟದ ಕೂಲಿಯವರ ಲೈನ್ ಮನೆಗಳ ತನಕ ಗಾಡಿ ಹೋಗುವುದಿಲ್ಲ. ಮೇಸ್ತ್ರಿಗೆ ಹೇಳಿ ನಾಲ್ಕೈದು ಜನರನ್ನು ಕರೆಸಿ. ಇಳಿಜಾರಿನಲ್ಲಿ ಹೊರುವಾಗ ರೋಗಿಯ ತಲೆ ಯಾವಾಗಲೂ ದಿಣ್ಣೆಯ ಕಡೆ ಇರಲಿ. ಎತ್ತುವಾಗ ಬೆನ್ನು ನೇರ, ಭಾರ ತೊಡೆಗಳ ಮೇಲೆ, ಒಬ್ಬರೇ "ಒಂದು, ಎರಡು, ಮೂರು" ಹೇಳಬೇಕು. ಬೇರೆ ರಾಜ್ಯದ ಕೂಲಿಯವರು ಹೆಚ್ಚಿರುವ ತೋಟಗಳಿಗಾಗಿ ನೋವು, ಉಸಿರು, ಎಲ್ಲಿ, ಯಾವಾಗಿನಿಂದ ಎಂಬಷ್ಟನ್ನು ಹಿಂದಿಯಲ್ಲಿ ಕೇಳಲು ಕಲಿತಿರಿ.

ಗಾಡಿಯಲ್ಲೇ ಹೆರಿಗೆ ಆಗಿಬಿಟ್ಟರೆ?

ಹೆಚ್ಚಿನ ಹೆರಿಗೆಗಳು ತಾವಾಗಿಯೇ ಆಗುತ್ತವೆ, ನೀವು ಎಳೆಯಬೇಕಿಲ್ಲ. ಮಗುವಿನ ತಲೆ ಕಾಣಿಸಿದರೆ, "ಮಲ ಬರುವ ಹಾಗಾಗ್ತಿದೆ" ಎಂದು ತಾಯಿ ಹೇಳಿದರೆ ಗಾಡಿ ಬದಿಗೆ ಹಾಕಿಸಿ. ಓಡುವ ಗಾಡಿಯಲ್ಲಿ ಹೆರಿಗೆ ಮಾಡಿಸುವುದು ಬೇಡ. ತಲೆ ಸಿಡಿದು ಬರದಂತೆ ಅಂಗೈ ಹಗುರವಾಗಿ ಇಟ್ಟು ತಡೆಯಿರಿ. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿದೆಯೇ ನೋಡಿ, ಸಡಿಲವಿದ್ದರೆ ತಲೆಯ ಮೇಲಿಂದ ದಾಟಿಸಿ. ಹುಟ್ಟಿದ ಮಗುವನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಇಟ್ಟು ಹೊದಿಸಿ, ತಲೆಗೆ ಟೋಪಿ ಹಾಕಿ. ಮೂಡಿಗೆರೆ, ಕೊಪ್ಪದ ಚಳಿಯಲ್ಲಿ ಮಗು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಒರೆಸಿದರೂ ಅಳದಿದ್ದರೆ ಬೆನ್ನು ಉಜ್ಜಿ. ಆಗಲೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಶಿಶುವಿನ ಆಂಬು ಬ್ಯಾಗಿನಿಂದ ನಿಮಿಷಕ್ಕೆ 40ರಿಂದ 60ರಂತೆ ಉಸಿರು ಕೊಡಿ. ಮಗು ಚೆನ್ನಾಗಿದ್ದರೆ ಬಳ್ಳಿ ಕತ್ತರಿಸಲು 1ರಿಂದ 3 ನಿಮಿಷ ಕಾಯಿರಿ.

ಆಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ ಹೋಗುತ್ತದೆ. ನಿಮ್ಮ ಕಣ್ಣು ತಾಯಿಯ ಮೇಲಿರಲಿ. ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ನೋಡಿಕೊಂಡು, ವೈದ್ಯರ ಆದೇಶದಂತೆ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ಈ ಔಷಧಿ 2ರಿಂದ 8 ಡಿಗ್ರಿಯಲ್ಲಿರಬೇಕು, ಬಿಸಿಲಲ್ಲಿ ಬಿದ್ದಿದ್ದರೆ ಪ್ರಯೋಜನವಿಲ್ಲ. ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶ ಹೊಟ್ಟೆಯ ಮೇಲಿಂದ ಗಟ್ಟಿಯಾಗಿ ಸಿಗಬೇಕು. ಮೆತ್ತಗಿದ್ದು ರಕ್ತ ಹರಿಯುತ್ತಿದ್ದರೆ ಉಜ್ಜುತ್ತಲೇ ಆಸ್ಪತ್ರೆಗೆ ನಡೆಯಿರಿ.

ಘಾಟಿ ರಸ್ತೆಯಲ್ಲಿ ನನಗೇ ವಾಂತಿ ಬರುತ್ತೆ. ಕೆಲಸ ಹೇಗೆ ಮಾಡಲಿ?

ಚಾರ್ಮಾಡಿ, ಶಿರಾಡಿಯ ತಿರುವುಗಳಲ್ಲಿ ಪಕ್ಕಕ್ಕೆ ಮುಖಮಾಡಿ ಕೂತು ಫಾರಂ ತುಂಬಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಬರೆಯುವುದನ್ನು ನೇರ ರಸ್ತೆಗೆ ಉಳಿಸಿ, ಮುಂದಿನ ಗಾಜಿನಿಂದ ರಸ್ತೆ ಕಾಣುವಂತೆ ಕೂರಿ, ಹೊಟ್ಟೆ ಖಾಲಿಯೂ ಬೇಡ, ತುಂಬಿಯೂ ಬೇಡ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ಬರಿಸುತ್ತವೆ, ಡ್ಯೂಟಿಯಲ್ಲಿ ವೈದ್ಯರನ್ನು ಕೇಳದೆ ನುಂಗಬೇಡಿ. ಇಂಜೆಕ್ಷನ್ ಕೊಡಬೇಕಾದರೆ "ಅಣ್ಣ, ಒಂದು ನಿಮಿಷ ನಿಲ್ಸಿ" ಎನ್ನಿ. ಬೆಲ್ಟ್ ಹಾಕಿಕೊಂಡೇ ಕೂರಿ.

ಶಿರಾಡಿ ಮಾರ್ಗದಲ್ಲಿ ಮಂಗಳೂರಿನಿಂದ ಅಡುಗೆ ಅನಿಲದ ಟ್ಯಾಂಕರ್‌ಗಳು ಬರುತ್ತವೆ. ಟ್ಯಾಂಕರ್ ಮಗುಚಿದ್ದರೆ ಹತ್ತಿರ ಹೋಗಬೇಡಿ. ಈ ಅನಿಲ ಗಾಳಿಗಿಂತ ಭಾರ, ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಗಾಳಿ ಬೀಸಿ ಬರುತ್ತಿರುವ ದಿಕ್ಕಿನಲ್ಲಿ, ಎತ್ತರದ ಜಾಗದಲ್ಲಿ ಗಾಡಿ ನಿಲ್ಲಿಸಿ. ಸೋರಿಕೆಯಿಂದ ಕನಿಷ್ಠ 100 ಮೀಟರ್ ದೂರ, ಟ್ಯಾಂಕರ್‌ಗೆ ಬೆಂಕಿ ತಗುಲಿದ್ದರೆ 1600 ಮೀಟರ್. ಅಗ್ನಿಶಾಮಕದವರು ಗಾಯಾಳುಗಳನ್ನು ನಿಮ್ಮಲ್ಲಿಗೆ ತಂದುಕೊಡುತ್ತಾರೆ.

ಸಕಲೇಶಪುರ, ಆಲೂರು, ಬೇಲೂರು ಕಡೆ ರಾತ್ರಿ ಆನೆ ರಸ್ತೆಯಲ್ಲಿದ್ದರೆ ಸೈರನ್ ನಿಲ್ಲಿಸಿ, ಹಾರ್ನ್ ಬೇಡ, ಇಳಿಯಬೇಡಿ, ಹಿಂದಕ್ಕೆ ಬನ್ನಿ.

ನೆಟ್‌ವರ್ಕ್ ಇಲ್ಲದ ಕಡೆ ವೈದ್ಯರನ್ನು ಕೇಳುವುದು ಹೇಗೆ?

ಸಿಗ್ನಲ್ ಹೋಗುವ ಮುಂಚೆಯೇ ಕೇಳಿ. ಕಳಸ, ಕುದುರೆಮುಖ, ಚಾರ್ಮಾಡಿ ಕಡೆ ಎಲ್ಲಿ ಸಿಗ್ನಲ್ ಕೊನೆಯಾಗುತ್ತದೆ ಎಂದು ಪೈಲಟ್‌ಗಳಿಗೆ ತಿರುವಿನ ಲೆಕ್ಕದಲ್ಲಿ ಗೊತ್ತಿರುತ್ತದೆ. "ಬಿಪಿ ಇಷ್ಟಕ್ಕಿಂತ ಇಳಿದರೆ ಏನು ಮಾಡಲಿ, ಫಿಟ್ಸ್ ಬಂದರೆ ಏನು ಮಾಡಲಿ?" ಎಂದು ಮುಂಚಿತವಾಗಿ ಆದೇಶ ಪಡೆದು, ಸಮಯ ಸಹಿತ ಬರೆದುಕೊಳ್ಳಿ.

ಪೈಲಟ್ ನನಗಿಂತ ತುಂಬಾ ಹಿರಿಯರು. ಅವರಿಗೆ ಹೇಳುವುದು ಹೇಗೆ?

ಅವರ ಅನುಭವಕ್ಕೆ ಗೌರವ ಕೊಡಿ, ರೋಗಿಯ ಜವಾಬ್ದಾರಿ ನಿಮ್ಮದು ಎಂಬುದನ್ನು ಬಿಡಬೇಡಿ. ಶಿಫ್ಟಿನ ಮೊದಲ ಹತ್ತು ನಿಮಿಷದಲ್ಲಿ ಮಾತಾಡಿಕೊಳ್ಳಿ: "ಅಣ್ಣ, ನಾನು ಹೊಸಬ. ಹಾರ್ಟ್ ನಿಂತ ಕೇಸ್ ಆದ್ರೆ ಒತ್ತೋಕೆ ನಿಮ್ಮ ಸಹಾಯ ಬೇಕು. ನಾನೇನಾದ್ರೂ ಬಿಟ್ಟಿದ್ದು ಕಂಡ್ರೆ ಅಲ್ಲೇ ಹೇಳಿ." ಹೀಗೆ ಕೇಳಿಕೊಂಡವರನ್ನು ಹಿರಿಯ ಪೈಲಟ್‌ಗಳು ಕೈಬಿಡುವುದಿಲ್ಲ. ಊರಿನ ಒಳದಾರಿ, ಕಷ್ಟದ ಮನೆಗಳು, ಯಾವ ಆಸ್ಪತ್ರೆಯ ಯಾವ ಬಾಗಿಲು ಎಂಬುದೆಲ್ಲ ಅವರಿಂದಲೇ ಕಲಿಯಬೇಕು.

"ಲೇಟಾಗಿ ಬಂದ್ರಿ" ಅಂತ ಜನ ಮೈಮೇಲೆ ಬಿದ್ದರೆ?

ವಾದ ಬೇಡ, ಕಾರಣ ಹೇಳುತ್ತ ನಿಲ್ಲುವುದೂ ಬೇಡ. ಹೆಚ್ಚು ಕೂಗುತ್ತಿರುವವರಿಗೆ ಒಂದು ಕೆಲಸ ಕೊಡಿ: "ಅಣ್ಣ, ಈ ಬಾಗಿಲು ಹಿಡ್ಕೊಳ್ಳಿ", "ಅಮ್ಮ, ಅವರ ಮಾತ್ರೆ ಚೀಟಿ ತನ್ನಿ". ಕೈಗೆ ಕೆಲಸ ಬಂದರೆ ಕೂಗು ಇಳಿಯುತ್ತದೆ. ನೀವು ಮಾಡುವುದನ್ನು ಜೋರಾಗಿ ಹೇಳುತ್ತ ಮಾಡಿ, ಜನರಿಗೆ ಏನೋ ನಡೆಯುತ್ತಿದೆ ಎಂಬ ನಂಬಿಕೆ ಬರುತ್ತದೆ. ಕೈ ಎತ್ತುವ ಮಟ್ಟಕ್ಕೆ ಬಂದರೆ ಗಾಡಿಗೆ ಹಿಂದಿರುಗಿ, ಬಾಗಿಲು ಹಾಕಿ, 112ಕ್ಕೆ ಕರೆ ಮಾಡಿಸಿ. ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ದೂರು ಕೊಡಲು ಹಿಂಜರಿಯಬೇಡಿ.

ಆಸ್ಪತ್ರೆಯಲ್ಲಿ ಡಾಕ್ಟರ್ ಮುಂದೆ ನಾಲಿಗೆ ತೊದಲುತ್ತೆ.

ಗಾಡಿ ಗೇಟು ತಲುಪುವ ಮುಂಚೆ ಕೈಚೀಟಿಯಲ್ಲಿ ಐದು ಸಾಲು ಬರೆಯಿರಿ: ಯಾರು, ಯಾವಾಗ ಏನಾಯಿತು, ಏನು ಕಂಡಿರಿ, ಲೆಕ್ಕಗಳು ಎಷ್ಟು, ಏನು ಮಾಡಿದಿರಿ. ಹಾಸನದ ಹಿಮ್ಸ್ ಆಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಅದನ್ನು ನೋಡಿಕೊಂಡೇ ಓದಿ. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಗೊತ್ತಿಲ್ಲದ್ದನ್ನು "ನೋಡಲಿಲ್ಲ ಸರ್" ಎಂದು ಹೇಳಿ. ಊಹಿಸಿ ಹೇಳಿದ ಒಂದು ಬಿಪಿ ರೋಗಿಗೆ ಹಾನಿ ಮಾಡಬಲ್ಲದು. ರೋಗಿಯ ಹಣ, ಒಡವೆ, ಫೋನನ್ನು ಯಾರಿಗೆ ಒಪ್ಪಿಸಿದಿರಿ ಎಂದು ಸಹಿ ಸಹಿತ ದಾಖಲಿಸಿ.

ರೋಗಿ ನನ್ನ ಕೈಯಲ್ಲೇ ಸತ್ತರೆ?

ಇದಕ್ಕೆ ಪೂರ್ತಿ ತಯಾರಿ ಎಂಬುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಕೆಲವರು ಉಳಿಯುವುದಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಉಳಿಯುವವರು ಕಡಿಮೆ. ಸಾವನ್ನು ಘೋಷಿಸುವುದು ವೈದ್ಯರ ಕೆಲಸ. ಮನೆಯವರು ಕೇಳಿದರೆ "ಉಸಿರು, ನಾಡಿ ಸಿಗ್ತಿಲ್ಲ, ನಾವು ಪ್ರಯತ್ನ ಮಾಡ್ತಿದ್ದೀವಿ" ಎಂದಷ್ಟೇ ನಿಜ ಹೇಳಿ. "ಏನೂ ಆಗಲ್ಲ" ಎಂಬ ಭರವಸೆ ಕೊಡಬೇಡಿ.

ಕೇಸ್ ಮುಗಿದ ಮೇಲೆ ಗಾಡಿ ತೊಳೆದು ಸಾಮಾನು ತುಂಬಿಸಿ. ಕೈಕೆಲಸ ಮನಸ್ಸನ್ನು ನೆಲಕ್ಕೆ ತರುತ್ತದೆ. ನೀರು ಕುಡಿದು ಏನಾದರೂ ತಿನ್ನಿ. ಪೈಲಟ್ ಜೊತೆ ಕೂತು ಏನೇನಾಯಿತು ಎಂದು ಮೊದಲಿನಿಂದ ಮಾತಾಡಿ. ಮುಂದಿನ ಕೇಸ್‌ಗೆ ಆಗುವುದಿಲ್ಲ ಅನಿಸಿದರೆ ಮೇಲಿನವರಿಗೆ ತಿಳಿಸಿ. ರೋಗಿಯ ಹೆಸರು, ಫೋಟೊವನ್ನು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ, ಆ ಕುಟುಂಬದ ದುಃಖ ಅವರದು.

ಸೂಜಿ ಚುಚ್ಚಿಕೊಂಡರೆ?

ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ. ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಔಷಧಿ ಬೇಕೆಂದರೆ 2 ಗಂಟೆಯೊಳಗೆ ಶುರು ಮಾಡಿದರೆ ಉತ್ತಮ, 72 ಗಂಟೆ ಮೀರಬಾರದು, 28 ದಿನ ನುಂಗಬೇಕು. ಸೇರುವ ಮುಂಚೆಯೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ: 0, 1, 6 ತಿಂಗಳು. ಕೊನೆಯ ಡೋಸಿನ ನಂತರ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ ಲಸಿಕೆ ಹಿಡಿದಿದೆಯೇ ನೋಡಿ. ಸೂಜಿಗೆ ಮುಚ್ಚಳ ಹಾಕಲು ಹೋಗುವುದರಿಂದಲೇ ಎಷ್ಟೋ ಸಲ ಚುಚ್ಚುವುದು.

ರಾತ್ರಿ ಪಾಳಿ ತಡೆದುಕೊಳ್ಳಬಲ್ಲೆನೇ?

ಮೊದಲ ರಾತ್ರಿಯ ಮುಂಚೆ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಕಾಫಿ ನಾಡಿನಲ್ಲಿ ಇದು ಹೇಳಲು ಕಷ್ಟ, ಆದರೂ ಬೆಳಗಿನ ಜಾವದ ಕಾಫಿ ಬಿಡಿ. ಅದರ ಅರ್ಧ ಭಾಗ ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ, ಮನೆಗೆ ಹೋದರೂ ನಿದ್ದೆ ಬಾರದು. ಖಾಲಿ ಹೊಟ್ಟೆಯ ಕಾಫಿ ನಡುಕವನ್ನೂ ಹೆಚ್ಚಿಸುತ್ತದೆ. ಪಾಳಿ ಮುಗಿಸಿ ತೂಕಡಿಸುತ್ತ ಬೈಕ್ ಓಡಿಸಬೇಡಿ. ಬೇಸ್‌ನಲ್ಲೇ 20 ನಿಮಿಷ ಮಲಗಿ ಹೊರಡಿ, ಇಲ್ಲವೇ ಬಸ್ ಹತ್ತಿ.

ಈ ಭಯ ಯಾವಾಗ ಕಾಯಿಲೆಯ ಮಟ್ಟಕ್ಕೆ ಹೋಗಿದೆ ಅಂತ ತಿಳಿಯುವುದು?

ಮೊದಲ ವಾರಗಳಲ್ಲಿ ಫೋನ್ ಸದ್ದಿಗೆ ಬೆಚ್ಚುವುದು, ಕೇಸ್ ಕನಸಿನಲ್ಲಿ ಬರುವುದು ಸಾಮಾನ್ಯ. ನಾಲ್ಕು ವಾರ ಕಳೆದರೂ ಅದೇ ದೃಶ್ಯ ಬೇಡವೆಂದರೂ ಮರುಕಳಿಸುತ್ತಿದ್ದರೆ, ಆ ರಸ್ತೆಯಲ್ಲಿ ಹೋಗಲಾರದಷ್ಟು ಹಿಂಜರಿಕೆ ಇದ್ದರೆ, ನಿದ್ದೆಗಾಗಿ ಕುಡಿಯಲು ಶುರು ಮಾಡಿದ್ದರೆ, ಮನೆಯವರ ಜೊತೆ ಮಾತೇ ಬೇಡ ಅನಿಸುತ್ತಿದ್ದರೆ ಸಹಾಯ ಪಡೆಯಿರಿ. ಸಾಯುವ ಯೋಚನೆ ಬಂದರೆ ನಾಲ್ಕು ವಾರವಲ್ಲ, ಅದೇ ದಿನ. ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಯೂ ಹೋಗಬಹುದು. ಡ್ಯೂಟಿ ಗುರುತಿನ ಚೀಟಿಯ ಹಿಂಬದಿಯಲ್ಲಿ ಆ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ.